ಕನಿಕರ ಸಾಲದು, ಕೈಗೂ ಕಲಿಕೆ ಬೇಕು



ನಮ್ಮ ಲೈನುಮನೆಗಳಲ್ಲಿ ಮಗುವಿಗೆ ಜ್ವರ ಬಂದರೆ ಓಣಿಯೇ ಎದ್ದು ಬರುತ್ತದೆ. ಒಬ್ಬರು ನೀರು ಕಾಯಿಸುತ್ತಾರೆ, ಒಬ್ಬರು ಕೂಸನ್ನು ಎತ್ತಿಕೊಳ್ಳುತ್ತಾರೆ, ಇನ್ನೊಬ್ಬರು ದವಾಖಾನೆಗೆ ಓಡುತ್ತಾರೆ. ಆದರೆ ದುಡಿಯುವ ಗಂಡಸೋ ಹೆಂಗಸೋ ಹಾಸಿಗೆ ಹಿಡಿದರೆ ಎಲ್ಲರಿಗಿಂತ ಮೊದಲು ಬಾಗಿಲಿಗೆ ಬರುವುದು ಕೂಲಿಯ ಲೆಕ್ಕ. ಎರಡು ದಿನ ಕಳೆದರೆ ಮೇಸ್ತ್ರಿಯ ಪ್ರಶ್ನೆ, ನಾಲ್ಕು ದಿನ ಕಳೆದರೆ ಮನೆಯವರ ಪ್ರಶ್ನೆ, ಎಂಟು ದಿನ ಕಳೆದರೆ ರೋಗಿಯೇ ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆ: ನಾನಿನ್ನು ಯಾರಿಗೆ ಬೇಕು?

ಕಬ್ಬಿನ ಗದ್ದೆಯಾಗಲಿ, ಪರ್ಸಿ ಕಲ್ಲಿನ ಗಣಿಯಾಗಲಿ, ತೋಟವಾಗಲಿ, ಕೈಗಾರಿಕಾ ಎಸ್ಟೇಟಾಗಲಿ, ಈ ಮಾತು ಎಲ್ಲ ಕಡೆಗೂ ನಿಜ. ಆದುದರಿಂದ ಈ ಸಂಚಿಕೆಯಲ್ಲಿ ವಯಸ್ಸಿಗೆ ಬಂದ ರೋಗಿಗಳ ಶುಶ್ರೂಷೆಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನಾವು ನಿಶ್ಚಯಿಸಿದ್ದೇವೆ. ನಮ್ಮ ಜನರಲ್ಲಿ ಪ್ರೀತಿಗೆ ಬರವಿಲ್ಲ. ಬರವಿರುವುದು ಕಲಿಕೆಗೆ. ಲಕ್ವಾ ಹೊಡೆದ ತಂದೆಗೆ ಮಲಗಿದಲ್ಲಿಯೇ ಗಂಜಿ ಕುಡಿಸುವ ಮಗನಿಗೆ ಪ್ರೀತಿ ಕಡಿಮೆಯೇ? ಇಲ್ಲ. ಆದರೆ ನುಂಗುವ ಶಕ್ತಿ ಕುಂದಿದವನಿಗೆ ಹಾಗೆ ಕುಡಿಸಿದರೆ ಗಂಜಿ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯಬಹುದೆಂದು ಅವನಿಗೆ ಯಾರೂ ಹೇಳಿಲ್ಲ. ಕನಿಕರವಿದ್ದೂ ಕಲಿಕೆಯಿಲ್ಲದ ಕೈ ರೋಗಿಗೆ ಅಪಾಯ. ಕಲಿಕೆಯಿದ್ದೂ ಕನಿಕರವಿಲ್ಲದ ಕೈ ರೋಗಿಗೆ ಅವಮಾನ. ಎರಡೂ ಕೂಡಿದಾಗಲೇ ಅದಕ್ಕೆ ಶುಶ್ರೂಷೆ ಎಂಬ ಹೆಸರು ಸಲ್ಲುತ್ತದೆ.

ಸುವಾರ್ತೆ ಏನು ತೋರಿಸುತ್ತದೆ?

ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಸಮಾರ್ಯದವನು ಅವನನ್ನು ಕಂಡು ಕನಿಕರಪಟ್ಟ ಎಂಬಲ್ಲಿಗೇ ನಮ್ಮ ಪ್ರಸಂಗ ನಿಂತುಬಿಡುತ್ತದೆ. ಮುಂದಿನದನ್ನು ಕೆಲಸಗಾರನ ಕಣ್ಣಿನಿಂದ ಓದಿ ನೋಡಿರಿ. ಅವನು ಹತ್ತಿರ ಹೋದ. ಗಾಯಕ್ಕೆ ದ್ರಾಕ್ಷಾರಸವನ್ನೂ ಎಣ್ಣೆಯನ್ನೂ ಹಾಕಿದ. ಒಂದು ತೊಳೆಯಲು, ಇನ್ನೊಂದು ಉರಿ ಆರಿಸಲು ಆ ಕಾಲದ ಜನ ಬಳಸುತ್ತಿದ್ದ ಮದ್ದು. ಬಟ್ಟೆ ಕಟ್ಟಿದ. ನಡೆಸದೆ ತನ್ನ ಪಶುವಿನ ಮೇಲೆ ಕೂರಿಸಿಕೊಂಡು ಹೋದ. ಛತ್ರದಲ್ಲಿ ರಾತ್ರಿ ಅವನ ಬಳಿ ಇದ್ದು ಆರೈಕೆ ಮಾಡಿದ. ಮರುದಿನ ಹೊರಡುವಾಗ ಸುಮ್ಮನೆ ಹೊರಡಲಿಲ್ಲ. ಛತ್ರದವನಿಗೆ ರೋಗಿಯನ್ನು ಒಪ್ಪಿಸಿ, ಎರಡು ಬೆಳ್ಳಿ ನಾಣ್ಯ ಕೊಟ್ಟು, ಮತ್ತೆ ಬರುವುದಾಗಿ ಹೇಳಿದ. ಆ ಒಂದು ನಾಣ್ಯ ಆ ಕಾಲದ ಕೂಲಿಯಾಳಿನ ಒಂದು ದಿನದ ಕೂಲಿ. ದ್ರಾಕ್ಷೇತೋಟದ ಆಳುಗಳ ಸಾಮ್ಯದಿಂದ ಇದು ನಮಗೆ ತಿಳಿಯುತ್ತದೆ. ಎರಡು ದಿನದ ಕೂಲಿ ಬಿಚ್ಚಿ ಕೊಟ್ಟವನ ಕನಿಕರದಲ್ಲಿ ಕ್ರಮವಿತ್ತು, ಕೈಚಳಕವಿತ್ತು, ಮುಂದಿನವರಿಗೆ ಒಪ್ಪಿಸುವ ಜವಾಬ್ದಾರಿಯಿತ್ತು. ಇಂದಿಗೂ ಪಾಳಿ ಬದಲಾಗುವಾಗ ಒಬ್ಬ ನರ್ಸ್ ಇನ್ನೊಬ್ಬರಿಗೆ ರೋಗಿಯ ಸ್ಥಿತಿಗತಿ ಹೇಳಿ ಒಪ್ಪಿಸಿಯೇ ಹೋಗಬೇಕೆಂಬುದು ಶುಶ್ರೂಷೆಯ ಮೊದಲ ಪಾಠಗಳಲ್ಲಿ ಒಂದು.

ಇನ್ನೊಂದು ಸಂಗತಿ. ದಾರಿಯ ಪಕ್ಕದಲ್ಲಿ ಕೂಗುತ್ತಿದ್ದ ಕುರುಡ ಬಾರ್ತಿಮಾಯನನ್ನು ಯೇಸುಸ್ವಾಮಿ ಹತ್ತಿರ ಕರೆದು, ತನ್ನಿಂದ ಅವನಿಗೆ ಏನಾಗಬೇಕೆಂದು ಕೇಳಿದರು. ಕುರುಡನಿಗೆ ಕಣ್ಣು ಬೇಕೆಂಬುದು ಯಾರಿಗೆ ತಿಳಿಯದು? ಆದರೂ ಕೇಳಿದರು. ರೋಗಿಯ ಬಾಯಿಂದಲೇ ಅವನ ಅಗತ್ಯ ಹೊರಡಲಿ ಎಂದು ಬಿಟ್ಟುಕೊಟ್ಟರು. ರೋಗಿಯನ್ನು ನಡುವೆ ಇಟ್ಟು ಮಾಡುವ ಆರೈಕೆ ಎಂದು ಈಗಿನ ಪಾಠಪುಸ್ತಕಗಳು ಹೇಳುವುದರ ಬೇರು ನಮಗೆ ಈ ಒಂದು ಪ್ರಶ್ನೆಯಲ್ಲಿ ಕಾಣುತ್ತದೆ.

ಈ ವಿದ್ಯೆ ಬೆಳೆದು ಬಂದ ದಾರಿ

ಶುಶ್ರೂಷೆ ಕಲಿಯಬೇಕಾದ ವಿದ್ಯೆಯೆಂದು ಲೋಕ ಒಪ್ಪಿದ್ದು ಬಹಳ ಹಿಂದೇನಲ್ಲ. 1847ರಲ್ಲಿ ವಿಯೆನ್ನಾ ನಗರದ ವೈದ್ಯ ಸೆಮ್ಮೆಲ್‌ವೈಸ್, ಹೆರಿಗೆ ಮಾಡಿಸುವವರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆ ಮಾಡಿದ ಮೇಲೆ ಬಾಣಂತಿಯರ ಸಾವು ಬಹಳವಾಗಿ ಇಳಿಯಿತು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿ ಆಸ್ಪತ್ರೆಗೆ ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ದಾದಿಯರೊಡನೆ ಹೋದಾಗ, ಅಲ್ಲಿ ಗುಂಡೇಟಿಗಿಂತ ಕೊಳಕಿನಿಂದ ಹರಡಿದ ರೋಗಗಳಿಂದಲೇ ಹೆಚ್ಚು ಸಿಪಾಯಿಗಳು ಸಾಯುತ್ತಿದ್ದರು. ಆಕೆ ಲೆಕ್ಕ ಬರೆದಿಟ್ಟು ಸರಕಾರದ ಕಣ್ಣು ತೆರೆಸಿದರು; 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ತರಬೇತಿ ಶಾಲೆ ತೆರೆದರು. ನಮ್ಮ ದೇಶದಲ್ಲಿ ಡಾಕ್ಟರ್ ಐಡಾ ಸ್ಕಡ್ಡರ್ ಅವರು ವೆಲ್ಲೂರಿನಲ್ಲಿ 1909ರಲ್ಲಿ ದಾದಿಯರ ಶಾಲೆ ಆರಂಭಿಸಿದರು. 1946ರಲ್ಲಿ ಅಲ್ಲಿಯೇ ನರ್ಸಿಂಗ್ ಪದವಿ ಕಾಲೇಜು ಬಂತು. 1947ರ ಕಾನೂನಿನಿಂದ ಭಾರತೀಯ ನರ್ಸಿಂಗ್ ಕೌನ್ಸಿಲ್ ಹುಟ್ಟಿತು.

ಆ ಕಾಲದಲ್ಲಿ ಅನೇಕ ಮನೆಗಳವರು ತಮ್ಮ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳುಹಿಸಲು ಒಪ್ಪುತ್ತಿರಲಿಲ್ಲ. ಪರರ ಮಲಮೂತ್ರ ಎತ್ತುವುದು, ಪರಪುರುಷನ ಮೈ ಮುಟ್ಟುವುದು ಕೀಳು ಎಂಬ ಭಾವನೆ. ಮಿಷನ್ ಆಸ್ಪತ್ರೆಗಳ ನೆರಳಿನಲ್ಲಿ ಬೆಳೆದ ಕ್ರೈಸ್ತ ಹೆಣ್ಣುಮಕ್ಕಳು ಆ ಕೆಲಸಕ್ಕೆ ಕೈಹಾಕಿದರು. ಶಿಷ್ಯರ ಪಾದ ತೊಳೆದ ಕರ್ತನನ್ನು ನಂಬಿದವರಿಗೆ ಯಾವ ಪಾತ್ರೆ ತೊಳೆಯುವುದು ಕೀಳು?

2021ರಲ್ಲಿ ನರ್ಸಿಂಗ್ ಕೌನ್ಸಿಲಿನವರು ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಪರಿಷ್ಕರಿಸಿದರು. ಅದುವರೆಗೆ ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ಎಂದು ಕರೆಯುತ್ತಿದ್ದ ಪಾಠಕ್ಕೆ ಈಗ ಅಡಲ್ಟ್ ಹೆಲ್ತ್ ನರ್ಸಿಂಗ್, ಅಂದರೆ ವಯಸ್ಕರ ಆರೋಗ್ಯ ಶುಶ್ರೂಷೆ ಎಂದು ಹೆಸರು. ಹಳೆಯ ಹೆಸರಿನಲ್ಲಿ ಔಷಧಿಯೂ ಶಸ್ತ್ರವೂ ಇದ್ದವು. ಹೊಸ ಹೆಸರಿನಲ್ಲಿ ಮನುಷ್ಯ ಇದ್ದಾನೆ. ವಿದ್ಯಾರ್ಥಿಗಳು ಮೊದಲು ಬೊಂಬೆಯ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ರೋಗಿಯ ಬಳಿ ಹೋಗುತ್ತಾರೆ. ಕಲ್ಲು ಕೊಯ್ಯುವ ಯಂತ್ರದ ಮುಂದೆ ಹೊಸ ಹುಡುಗನನ್ನು ಮೊದಲ ದಿನವೇ ನಿಲ್ಲಿಸಬಾರದೆಂದು ಸಂಘದಲ್ಲಿ ನಾವು ಹೇಳುವುದಿಲ್ಲವೇ? ಇದೂ ಅದೇ ನ್ಯಾಯ.

ಮನೆಯಲ್ಲಿ ನಾವು ಕಲಿಯಬೇಕಾದುದು

ಎಲ್ಲರೂ ನರ್ಸ್ ಆಗಲಾರೆವು. ಆದರೆ ಮನೆಯಲ್ಲಿ ರೋಗಿಯಿರುವ ಪ್ರತಿಯೊಬ್ಬರೂ ಕಲಿಯಬಹುದಾದ ಕೆಲವು ಸಂಗತಿಗಳಿವೆ. ಅವುಗಳನ್ನು ಸರಳವಾಗಿ ಬರೆಯುತ್ತೇವೆ.

ಮೊದಲನೆಯದು ಕೈ. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಮಲಮೂತ್ರ ಎತ್ತಿದ ಮೇಲೆ, ಊಟ ಕೊಡುವ ಮುಂಚೆ ಸಾಬೂನು ಹಚ್ಚಿ ಬೆರಳ ಸಂದು, ಉಗುರು, ಅಂಗೈ, ಹಿಂಗೈ ಉಜ್ಜಿ ತೊಳೆಯಬೇಕು. ಒಟ್ಟು 40ರಿಂದ 60 ಸೆಕೆಂಡು ಹಿಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎರಡನೆಯದು ಗುಳಿಗೆ. ಯಾರಿಗೆ, ಯಾವುದು, ಎಷ್ಟು, ಯಾವ ಹೊತ್ತಿಗೆ, ಬಾಯಿಂದಲೋ ಸೂಜಿಯಿಂದಲೋ ಎಂಬ ಐದನ್ನೂ ನರ್ಸ್ ಪ್ರತಿ ಸಲ ನೋಡಿಯೇ ಮದ್ದು ಕೊಡಬೇಕು. ಅದಕ್ಕಾಗಿಯೇ ಅವರು ಮತ್ತೆ ಮತ್ತೆ ಹೆಸರು ಕೇಳುತ್ತಾರೆ, ಬೇಸರಪಡಬೇಡಿರಿ. ಒಂದೇ ವಾರ್ಡಿನಲ್ಲಿ ಮೂವರು ಶಾಂತಮ್ಮ, ನಾಲ್ವರು ಮಾಣಿಕಪ್ಪ ಇರಬಹುದು. ಪೂರ್ತಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಚೀಟಿಯ ನಂಬರು ಹೇಳಿರಿ. ಮನೆಯಲ್ಲಿಯೂ ಅದೇ ಐದನ್ನು ನೋಡಿರಿ. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬೇಡಿರಿ. ಸುಮ್ಮನೆ ಸೂಜಿ ಚುಚ್ಚಿ, ಸಲಾಯಿನ್ ಏರಿಸಿ ಎಂದು ಹಟ ಹಿಡಿಯಬೇಡಿರಿ. ಬೇಡದ ಸೂಜಿಯಿಂದ ಕೀವೂ ಆಗಬಹುದು, ರಕ್ತದ ರೋಗವೂ ಅಂಟಬಹುದು.

ಮೂರನೆಯದು ಮಗ್ಗುಲು. ತಾನಾಗಿ ಹೊರಳಲಾರದ ರೋಗಿಯನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಹಿಂಭಾಗ, ತೊಡೆಯ ಮೇಲಿನ ಎಲುಬು, ಹಿಮ್ಮಡಿ, ಭುಜ ಇವುಗಳನ್ನು ದಿನವೂ ನೋಡಬೇಕು. ಚರ್ಮ ಕೆಂಪಾಗಿ ಒತ್ತಿದರೂ ಬಣ್ಣ ಬದಲಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದು ಅರ್ಥ. ಕಪ್ಪು ಮೈಯವರಲ್ಲಿ ಕೆಂಪು ಕಾಣದೆ, ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರಬಹುದು. ಅಲ್ಲಿ ಉಜ್ಜಬಾರದು, ಭಾರ ಬೀಳದಂತೆ ಮಲಗಿಸಿ ದವಾಖಾನೆಗೆ ತಿಳಿಸಬೇಕು.

ನಾಲ್ಕನೆಯದು ಊಟ. ರೋಗಿಯನ್ನು ನೆಟ್ಟಗೆ ಕೂರಿಸಿ, ಗಲ್ಲ ತುಸು ಕೆಳಗಿರುವಂತೆ, ಸಣ್ಣ ತುತ್ತು ಕೊಟ್ಟು, ನುಂಗಿದ್ದನ್ನು ನೋಡಿ ಇನ್ನೊಂದು ಕೊಡಿರಿ. ಕೆಮ್ಮಿದರೆ, ದನಿ ಗೊರಗೊರ ಎಂದರೆ ನಿಲ್ಲಿಸಿರಿ. ಸಕ್ಕರೆ ಕಾಯಿಲೆಯವರು ಮದ್ದು ತೆಗೆದುಕೊಂಡು ಊಟ ತಪ್ಪಿಸಿದರೆ ಬೆವರಿ, ನಡುಗಿ, ಮಂಕಾಗಬಹುದು. ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನು ಮಾಡಿರಿ.

ಐದನೆಯದು ಕಣ್ಣು. ದೊಡ್ಡವರು ವಿಶ್ರಾಂತಿಯಲ್ಲಿರುವಾಗ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20 ಇರುವುದು ವಾಡಿಕೆ. ಗೋಡೆಯ ಗಡಿಯಾರ ನೋಡಿ ಎಣಿಸಲು ಏಳನೆಯ ತರಗತಿ ಓದಿದ ಹುಡುಗಿಗೂ ಬರುತ್ತದೆ. ಉಸಿರು ಏರುತ್ತಿದ್ದರೆ, ಮಾತು ತೊದಲಿದರೆ, ಮೂತ್ರ ಕಡಿಮೆಯಾದರೆ, ರೋಗಿ ಹೊಸದಾಗಿ ಮಂಕಾದರೆ ಬೆಳಗಾಗಲಿ ಎಂದು ಕಾಯಬೇಡಿರಿ. ಎಣಿಸಿದ್ದನ್ನು ಹೊತ್ತಿನ ಸಮೇತ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ನೈಟಿಂಗೇಲ್ ಮಾಡಿದ್ದೂ ಇದನ್ನೇ.

ಗಡಿಯಲ್ಲಿ ಮಾತಿನ ಕಷ್ಟ

ಈಗ ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನವರಿಗೆ ವಿಶೇಷವಾಗಿ ಸಲ್ಲುವ ಮಾತು. ನಿಜಾಮರ ಕಾಲದಲ್ಲಿ ಜಹೀರಾಬಾದೂ ನಾರಾಯಣಖೇಡವೂ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಈ ಸೀಮೆ ಆಂಧ್ರಪ್ರದೇಶಕ್ಕೆ ಸೇರಿತು, 2014ರಿಂದ ತೆಲಂಗಾಣ. 2016ರಿಂದ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ. ಗೆರೆ ಅತ್ತಿತ್ತ ಹೋಯಿತು. ಮನೆಯ ಮಾತು ಹೋಗಲಿಲ್ಲ. ನಮ್ಮಲ್ಲಿ ಸಂತೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಒಲೆಯ ಮುಂದೆ ಕನ್ನಡ, ತಾಂಡಾದಲ್ಲಿ ಲಂಬಾಣಿ. ದುಡಿಯುವ ಗಂಡಸರಿಗೆ ನಾಲ್ಕೂ ಬರುತ್ತವೆ. ಆದರೆ ಮನೆಬಿಟ್ಟು ಹೆಚ್ಚು ಹೋಗದ ಮುದುಕಿಗೆ ಒಂದೇ ಬರುತ್ತದೆ. ಜ್ವರ ಏರಿದಾಗ, ನೋವು ಹೆಚ್ಚಾದಾಗ ನಾಲ್ಕು ಬಲ್ಲವನ ಬಾಯಿಗೂ ಒಂದೇ ಬರುತ್ತದೆ: ಅವ್ವನ ಮಾತು.

ಇದರಿಂದ ಏನಾಗುತ್ತದೆ ನೋಡಿರಿ. ಗುಳಿಗೆ ಕೊಡುವವರು ತೆಲುಗಿನಲ್ಲಿ 'ತಿನಕಮುಂದು' ಎನ್ನುತ್ತಾರೆ. ಅದರ ಅರ್ಥ ತಿನ್ನುವುದಕ್ಕಿಂತ ಮೊದಲು. ಕನ್ನಡದ ಅಜ್ಜಿಯ ಕಿವಿಗೆ 'ತಿಂದ ಮುಂದ' ಎಂದು ಕೇಳಿಸುತ್ತದೆ. 'ಮುಂದ' ಎಂದರೆ ಆಕೆಗೆ ಆಮೇಲೆ. ಸಕ್ಕರೆ ಕಾಯಿಲೆಯ ಕೆಲವು ಮದ್ದು ಊಟಕ್ಕೆ ಮೊದಲೇ ಆಗಬೇಕು, ಕೆಲವು ಊಟದ ಜೊತೆ. ಒಂದೇ ಒಂದು ಶಬ್ದ ಎರಡು ಭಾಷೆಯಲ್ಲಿ ಎರಡು ಕಡೆಗೆ ಮುಖ ಮಾಡಿ ನಿಂತು ಮದ್ದನ್ನೇ ತಲೆಕೆಳಗು ಮಾಡಿಬಿಡುತ್ತದೆ. ಇಲ್ಲಿ ಕೊಟ್ಟವರ ಮನಸ್ಸೂ ಕೆಟ್ಟದ್ದಲ್ಲ, ತೆಗೆದುಕೊಂಡವರ ಬುದ್ಧಿಯೂ ಕಡಿಮೆಯಲ್ಲ.

ಇದಕ್ಕೆ ನರ್ಸಿಂಗ್ ವಿದ್ಯೆ ಒಂದು ಸುಲಭ ಉಪಾಯ ಕಲಿಸುತ್ತದೆ. 'ತಿಳಿಯಿತೇ?' ಎಂದು ಕೇಳಬಾರದು. ತಿಳಿಯದವರೂ ತಲೆ ಆಡಿಸುತ್ತಾರೆ. 'ಮನೆಗೆ ಹೋಗಿ ಇದನ್ನು ಹೇಗೆ ತಗೋತೀರಿ, ನೀವೇ ಒಮ್ಮೆ ಹೇಳಿರಿ' ಎಂದು ಕೇಳಬೇಕು. ತಪ್ಪಿದ್ದರೆ ಅಲ್ಲಿಯೇ ಹೊರಬೀಳುತ್ತದೆ. ಯಾರೂ ಹೀಗೆ ಕೇಳದಿದ್ದರೆ ನೀವೇ ಹೇಳಿರಿ: 'ಸಿಸ್ಟರ್, ನಾನು ತಿಳಿಕೊಂಡದ್ದು ಹೀಗೆ, ಸರಿ ಐತೇನು?' ಇದು ಎದುರು ಮಾತಲ್ಲ. ಇದು ರೋಗಿಯ ಹಕ್ಕು. ಅದೇ ರೀತಿ ಮೈ ತೋರಿಸುವಾಗ ಪರದೆ ಕೇಳುವುದು, ಆಪರೇಷನ್ನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ನಮ್ಮ ಭಾಷೆಯಲ್ಲಿ ಓದಿ ಹೇಳಿಸಿಕೊಳ್ಳುವುದು ಹಕ್ಕು. ದೊಡ್ಡವರ ಕಾಯಿಲೆಯ ವಿಷಯವನ್ನು ಅವರ ತಲೆಯ ಮೇಲಿಂದ ಮಗನಿಗೋ ಮೈದುನನಿಗೋ ಹೇಳಿ ಮುಗಿಸುವುದು ಸರಿಯಲ್ಲ. ಹಾಸಿಗೆಯಲ್ಲಿರುವವರು ಕೂಸಲ್ಲ, ಆ ಮೈ ಅವರದು.

ನಮ್ಮ ಕೆಲಸ ತಂದಿಡುವ ರೋಗಗಳು

ತಾಂಡೂರಿನ ಕಲ್ಲು ಊರೂರಿನ ಮನೆಗಳ ನೆಲಕ್ಕೆ ಹೊಳಪು ಕೊಟ್ಟಿದೆ. ಆದರೆ ಒಣಕಲ್ಲು ಕೊಯ್ಯುವಾಗ, ಉಜ್ಜುವಾಗ ಏಳುವ ಧೂಳು ಎದೆಗೆ ಸಿಗುವ ಪಾಲು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ವರ್ಷಗಟ್ಟಲೆ ಎದೆಗೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಹಾಳಾದ ಶ್ವಾಸಕೋಶ ಮತ್ತೆ ಮೊದಲಿನಂತಾಗದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಅಂಟುವ ಸಂಭವವೂ ಹೆಚ್ಚು. ಆದುದರಿಂದ ನೀರು ಹಾಯಿಸಿ ಕೊಯ್ಯುವ ವ್ಯವಸ್ಥೆ ಕೇಳುವುದು ಸಂಘದ ಕೆಲಸ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸುವುದು ಮನೆಯವರ ಕೆಲಸ. ಕೆಲಸ ಎಷ್ಟು ವರ್ಷ, ಯಾವ ಧೂಳಿನಲ್ಲಿ ಮಾಡಿದಿರಿ ಎಂದು ಕೇಳಿ ಬರೆಯುವುದು ಕಲಿತ ನರ್ಸಿನ ಕೆಲಸ. ಈ ಕೊನೆಯ ಪ್ರಶ್ನೆ ಕೇಳದೆ ಕೆಮ್ಮಿಗೆ ಮಾತ್ರ ಔಷಧಿ ಕೊಟ್ಟರೆ ರೋಗಿಯನ್ನು ಅರ್ಧ ಮಾತ್ರ ನೋಡಿದಂತಾಯಿತು.

ಔಷಧಿಗೆ ಬಗ್ಗುವ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಮದ್ದು. ಎರಡನೆಯ ತಿಂಗಳಿಗೇ ಮೈ ಹಗುರಾಗಿ ಕೆಲಸಕ್ಕೆ ಹೋಗಬೇಕೆನಿಸುತ್ತದೆ. ಅಲ್ಲಿ ಬಿಟ್ಟರೆ ರೋಗ ಗಟ್ಟಿಯಾಗಿ ಮರಳುತ್ತದೆ. ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ಕಬ್ಬು ಕಡಿಯಲು ಬೇರೆ ಊರಿಗೆ ಹೊರಡುವ ಕುಟುಂಬಗಳು ಗಾಡಿ ಹತ್ತುವ ಮೊದಲು ದವಾಖಾನೆಗೆ ತಿಳಿಸಿ, ಹೋದ ಊರಿನಲ್ಲಿ ಮದ್ದು ಸಿಗುವ ವ್ಯವಸ್ಥೆ ಮಾಡಿಕೊಳ್ಳಿರಿ. ಚೀಟಿ ಮರೆಯಬೇಡಿರಿ.

ನಮ್ಮ ಮಕ್ಕಳು ಈ ವಿದ್ಯೆಗೆ ಹೋಗಲಿ

ಮೂರು ಮಾತು ಬಲ್ಲ ನಮ್ಮ ಓಣಿಯ ಹುಡುಗಿ ಬಿಳಿ ಕೋಟು ತೊಟ್ಟು ವಾರ್ಡಿನಲ್ಲಿ ನಿಂತರೆ ಮೇಲೆ ಹೇಳಿದ ಅರ್ಧ ಕಷ್ಟ ತಾನೇ ಕರಗುತ್ತದೆ. ಎ.ಎನ್.ಎಂ. ತರಬೇತಿ ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನಾಲ್ಕು ವರ್ಷ. ಮೂರಕ್ಕೂ ಹನ್ನೆರಡನೆಯ ತರಗತಿ ಪಾಸಾಗಿರಬೇಕು. ಬಿ.ಎಸ್ಸಿ.ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿ.ಎನ್.ಎಂ., ಬಿ.ಎಸ್ಸಿ.ಗೆ ಗಂಡುಮಕ್ಕಳೂ ಹೋಗಬಹುದು. ಗಂಡಸರ ವಾರ್ಡಿನಲ್ಲಿ ಅವರ ಕೈ ಬಹಳ ಬೇಕು. ಹತ್ತನೆಯ ತರಗತಿಗೇ ಬಿಡಿಸಿ ಕಬ್ಬಿಗೆ ಕಳುಹಿಸಿದರೆ ಈ ಬಾಗಿಲು ಮುಚ್ಚಿತು; ತಂದೆತಾಯಿಗಳು ಇದನ್ನು ನೆನಪಿಡಬೇಕು. ಹಣ ಕಟ್ಟುವ ಮೊದಲು ಆ ಶಾಲೆಗೆ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿರಿ. ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆ ಎನ್ನುವ ಬೋರ್ಡು ನಂಬಿ ಸಾಲ ಮಾಡಬೇಡಿರಿ. ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸದವರು ನರ್ಸ್ ಅಲ್ಲ.

ನರ್ಸ್ ಕೂಡ ಕಾರ್ಮಿಕಳೇ

ಕೊನೆಯದಾಗಿ ಸಂಘದ ಮಾತು. ವಾರ್ಡಿನಲ್ಲಿ ತಡವಾದರೆ ನಾವು ಮೊದಲು ಕೂಗಾಡುವುದು ಎದುರಿಗೆ ಕಾಣುವ ನರ್ಸಿನ ಮೇಲೆ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಎಂದು ನರ್ಸಿಂಗ್ ಕೌನ್ಸಿಲಿನ ಪ್ರಮಾಣ ಹೇಳುತ್ತದೆ. ರಾತ್ರಿ ಪಾಳಿಯಲ್ಲಿ ನಿಮ್ಮ ವಾರ್ಡಿನ ಹಾಸಿಗೆ ಎಷ್ಟು, ನರ್ಸುಗಳು ಎಷ್ಟು ಎಂದು ಎಣಿಸಿ ನೋಡಿರಿ. ಸಿಟ್ಟು ಯಾರ ಮೇಲೆ ಹೋಗಬೇಕೆಂಬುದು ಆಗ ತಿಳಿಯುತ್ತದೆ. ಎರಡು ಪಾಳಿ ಸೇರಿಸಿ ದುಡಿದ ಯಂತ್ರದವನ ಕೈ ತಪ್ಪುವಂತೆ ಎರಡು ಪಾಳಿ ದುಡಿದ ನರ್ಸಿನ ಕೈಯೂ ತಪ್ಪುತ್ತದೆ. ಅಲ್ಲಿ ಬೆರಳು ಹೋಗುತ್ತದೆ, ಇಲ್ಲಿ ಜೀವ. ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳದ ವಿಷಯದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ನೇಮಿಸಿದ ಸಮಿತಿಯು, 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಿಂದ ಕೈಗೆ ಬರಬೇಕಾದರೆ ಏನು ಬೇಕೆಂದು ಕಾರ್ಮಿಕರಾದ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ನರ್ಸುಗಳ ಬೇಡಿಕೆ ರೋಗಿಗಳ ಬೇಡಿಕೆಯೂ ಆಗಿದೆ.

ಆದುದರಿಂದ ನಮ್ಮ ಕೂಟದ ಪ್ರತಿ ಶಾಖೆಯವರಲ್ಲಿ ನಾವು ಕೇಳಿಕೊಳ್ಳುವುದು ಇಷ್ಟು. ತಿಂಗಳಿಗೊಂದು ಭಾನುವಾರ ಆರಾಧನೆಯ ನಂತರ ಒಂದು ತಾಸು ಉಳಿಯಿರಿ. ಹತ್ತಿರದ ಸರಕಾರಿ ದವಾಖಾನೆಯ ಅಥವಾ ಮಿಷನ್ ಆಸ್ಪತ್ರೆಯ ನರ್ಸ್ ಒಬ್ಬರನ್ನು ಗೌರವದಿಂದ ಕರೆಯಿಸಿ ಕೈ ತೊಳೆಯುವುದು, ಮಗ್ಗುಲು ಬದಲಿಸುವುದು, ಉಣಿಸುವುದು, ನಾಡಿ ಎಣಿಸುವುದು ಕಲಿಯಿರಿ. ಗಂಡಸರೂ ಕೂತು ಕಲಿಯಿರಿ. ರೋಗಿಯ ಸೇವೆ ಹೆಂಗಸರ ಪಾಲಿಗೆ ಮಾತ್ರ ಬರೆದದ್ದಲ್ಲ. ಲೈನಿಗೆ ಇಬ್ಬರನ್ನು ಆರಿಸಿ, ಭಾಷೆ ಬಾರದ ರೋಗಿಯ ಜೊತೆಗೆ ದವಾಖಾನೆಗೆ ಹೋಗಲು ಗೊತ್ತುಮಾಡಿರಿ. ಆ ದಿನದ ಅವರ ಕೂಲಿಯನ್ನು ಕೂಟದ ಕಾಣಿಕೆಯಿಂದ ತುಂಬಿಕೊಡಿರಿ. ಸಮಾರ್ಯದವನು ಎರಡು ದಿನದ ಕೂಲಿ ಕೊಟ್ಟನು. ನಾವು ಹತ್ತು ಮನೆಯವರು ಕೂಡಿ ಒಂದು ದಿನದ್ದನ್ನು ಕೊಡಲಾರೆವೇ?

ಹಾಸಿಗೆ ಹಿಡಿದವರು ನಮ್ಮ ಕೂಲಿಯ ಲೆಕ್ಕದಲ್ಲಿ ಕಳೆದುಹೋದ ದಿನಗಳಲ್ಲ. ನಮ್ಮ ಸಭೆಯ ಅಂಗಗಳು. ರೋಗಿಗಳಲ್ಲಿ ತನ್ನನ್ನೇ ಕಾಣಬೇಕೆಂದು ಕಲಿಸಿದ ಕರ್ತನು ನಮ್ಮ ಹೃದಯಕ್ಕೆ ಕನಿಕರವನ್ನೂ ನಮ್ಮ ಕೈಗೆ ಕಲಿಕೆಯನ್ನೂ ಅನುಗ್ರಹಿಸಲಿ.